ಮೆಣಸಿನಕಾಯಿ ಹೇರಿದ ಹಾಯಿದೋಣಿ

ಪಟ್, ಪಟ್, ಪಟಾರ್! ಗಾಳಿಗೆ ಹಾಯಿ ಬಡಿದುಕೊಳ್ಳುತ್ತಿದ್ದ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ರಿಟೈರ್ ಆದ ಮೇಲೆ ನಮ್ಮ ಯಜಮಾನರು ಪ್ಲೈವುಡ್ಡಿನಲ್ಲಿ ಪುಟ್ಟ ಹಾಯಿದೋಣಿ ಮಾಡಿ, ಮೋಟೆಬೆನ್ನೂರಿನಾಚೆಯ ಕೆರೆಗೆ ಇಳಿಸಿದ್ದರು. ನನ್ನ ಕಾನ್ವೆಂಟ್ ಗೆಳತಿ ವಿಮಲಾ ಅಂದು ಸಂಜೆಯ ರೈಲಿಗೆ ಹಾವೇರಿ ಬಿಟ್ಟು, ಪುಣೆಯ ತಮ್ಮನ ಮನೆಗೆ ಕಾಯಮ್ಮಾಗಿ ಹೊರಟಿದ್ದಳು. ಜನ್ಮದಲ್ಲಿ ದೋಣಿ ಹತ್ತಿದವಳಲ್ಲ.

"ಹೋಗೂದ್ರಾಗ ಒಮ್ಮೆ ಈ ಕೆರಿ ದಾಟಬೇಕವಾ," ಎಂದಳು.

"ಆಚೆ ದಂಡಿಗೆ ಮುಟ್ಟಸೂದು ನನ್ನ ಜವಾಬ್ದಾರಿ. ಡೋಂಟ್ ವರಿ!" ಎಂದೆ. ಮೊಬೈಲಿನಲ್ಲಿ ಸೇಲಿಂಗ್ ವಿಡಿಯೋ ನೋಡಿದ್ದೆನಲ್ಲ!

ಕ್ಯಾಪ್ಟನ್ನಾದ ನಾನು ಚುಕ್ಕಾಣಿ ಹಿಡಿದು ಹಿಂದೆ ಕೂತೆ. ಹೆದರಿದ ವಿಮಲಾ ನನ್ನ ಮಗ್ಗುಲಿಗೇ ಅಂಟಿಕೊಂಡಳು. ದೋಣಿಯ ಮೂತಿ ಆಕಾಶ ನೋಡತೊಡಗಿತು!

"ಒಬ್ಬಾಕಿ ಮುಂದ ಸರೀರಿ!" ದಂಡೆಯಿಂದ ಯಜಮಾನರ ಕೂಗು.

"ನಾ ಒಲ್ಲೆಪಾ," ಎಂದಳು ವಿಮಲಾ. ನಾನಂತೂ ಹುದ್ದೆ ಬಿಡುವಂತಿರಲಿಲ್ಲ.

"ಮುಂದ ವಜ್ಜಾ ಹೇರ್ರಿ!" ಎಂದು ಆರ್ಡರ್ ಮಾಡಿದೆ. ಬ್ಯಾಡಗಿ ಸೀಮೆಯಲ್ಲಿ ಹೇರಲು ಇನ್ನೇನು ಸಿಗಬೇಕು? ಪೇಟೆಗೆಂದು ನಮ್ಮ ಟೆಂಪೋದಲ್ಲಿದ್ದ ಒಣಮೆಣಸಿನಕಾಯಿಯ ಎರಡು ಚೀಲ!

"ಏ, ಅವು ಬರೇ ಗಾತ್ರ ಅದಾವ, ತೂಕ ಇಲ್ಲ!" ಎಂದರು ಯಜಮಾನರು.

"ಬ್ಯಾಲೆನ್ಸ್ ನನಗ ಗೊತ್ತೈತಿ. ನೀವು ಸುಮ್ಮ ಹೇರ್ರಿ!"

ಹೇರಿದರು. ಮೂತಿ ಇಳಿಯಲಿಲ್ಲ. ನನಗೆ ದಾರಿ ಕಾಣದಾಯಿತು, ಅಷ್ಟೆ. ಅಷ್ಟರಲ್ಲಿ ಗಾಳಿ ಹಿಡಿದು ದೋಣಿ ಹೊರಟೇಬಿಟ್ಟಿತು! ಚೀಲದ ಘಾಟಿಗೆ ವಿಮಲಾ ಸೀನಿದಳು. ದೋಣಿ ಎಡಕ್ಕೆ ವಾಲಿತು. ಇಬ್ಬರೂ ಬಲಕ್ಕೆ ಸರಿದೆವು. ಬಲಕ್ಕೆ ವಾಲಿತು. ಎಡಕ್ಕೆ ಸರಿದೆವು.

"ಇದೇನ ದೋಣಿನೋ, ಜೋಕಾಲಿನೋ?" ವಿಮಲಾ ಚೀರಿದಳು.

ಕಡೆಗೆ ಮಹಾತ್ಯಾಗ ಮಾಡಿ, ಮುಂದೆ ಸರಿಯಲು ನಾನೇ ಎದ್ದೆ. ಅದೇ ಗಳಿಗೆಗೆ ಅವಳೂ ಎದ್ದಳು. ಧೊಪ್!

ಬೇಸಿಗೆಯ ಕೆರೆ, ನೀರು ಸೊಂಟದಷ್ಟೇ. ಚೀಲಗಳು ಮಾತ್ರ ಗಂಭೀರವಾಗಿ ತೇಲುತ್ತಾ ಆಚೆ ದಂಡೆಗೆ ಹೊರಟವು. ನನ್ನ ಹಡಗಿನಲ್ಲಿ ಗುರಿ ಮುಟ್ಟಿದ ಪ್ರಯಾಣಿಕರು ಅವೆರಡೇ!

"ನಡಕೋತ ಹೋಗೂಣ ಬಾ. ನಾ ದಾಟಾಕೀನ!" ವಿಮಲಾ ಸೀರೆ ಎತ್ತಿ ಕಟ್ಟಿದಳು. ಕೈಕೈ ಹಿಡಿದು, ನಗುತ್ತಾ, ಮುಗ್ಗರಿಸುತ್ತಾ ಕೆರೆ ದಾಟಿ, ಚೀಲಗಳನ್ನೂ ದಡಕ್ಕೆ ಎಳೆದು ಹಾಕಿದೆವು.

ಆ ಸಂಜೆ ರೈಲಿನ ಕಿಟಕಿಯಲ್ಲಿ ಅವಳನ್ನು ನೋಡಿದ್ದೇ ಕಡೆಯ ಸಲ. ಪುಣೆಯಿಂದ ಕೆಲವು ಕಾಲ ಫೋನ್ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಅಂದು ರೈಲು ಅಲುಗಿದಾಗ ಅವಳ ಕಣ್ಣು ಕೆಂಪಾಗಿ ನೀರು ಧಾರಾಕಾರ ಸುರಿಯುತ್ತಿತ್ತು. ನಾನು ಕಿಟಕಿಯ ಜೊತೆಗೇ ನಡೆಯುತ್ತಾ ಕೂಗಿದೆ:

"ನನ್ನ ಸಲುವಾಗಿ ಅಳಬ್ಯಾಡ, ವಿಮಲಾ!"

"ಯಾರ ಅಳಾಕತ್ತಾರಲೇ ಹುಚ್ಚಿ! ಚೀಲಾ ಎಳದ ಕೈಲೇನ ಕಣ್ಣ ಒರಸಿಕೊಂಡೇನಿ!"