ದೊಡ್ಡಪ್ಪನ ವಾರ್ಮೆಸ್ಟ್ ರಿಗಾರ್ಡ್ಸ್

ನಮ್ಮ ದೊಡ್ಡಪ್ಪನಿಗೆ ಜ್ವರ ಬಂದರೆ ಥರ್ಮಾಮೀಟರ್ ಬೇಡ, ಇಂಗ್ಲಿಷ್ ಡಿಕ್ಷನರಿ ಸಾಕು! ‘ವಾರ್ಮ್’ ಅಂದರೆ ಕಷಾಯ, ‘ಹಾಟ್’ ಅಂದರೆ ಡಾಕ್ಟರು. ಉತ್ಪ್ರೇಕ್ಷೆ ಅಂದುಕೊಂಡಿರಾ? ಹಾಗಾದರೆ ಶಿರಾ ಗೇಟ್ ಹತ್ತಿರದ ನಮ್ಮ ಮನೆಗೆ ಬಂದು ಅವರಿಗೊಂದು ಲೋಟ ಕಾಫಿ ಕೊಟ್ಟು ನೋಡಿ. ಒಂದು ಗುಟುಕು ಕುಡಿದು, “ಇದು ಲ್ಯೂಕ್‌ವಾರ್ಮ್ ಕಣೋ. ಬಿಸೀನೂ ಅಲ್ಲ, ತಣ್ಣಗೂ ಇಲ್ಲ. ಕೊಟ್ಟೋರ ಮನಸ್ಸೂ ಹಂಗೇ ಇರ್ಬೇಕು” ಎನ್ನುತ್ತಾರೆ. ಕಾಫಿ ಮಾಡಿದವಳು ನನ್ನ ಹೆಂಡತಿ. ಆಮೇಲೆ ಎರಡು ಕಡೆಯ ಶಾಖವನ್ನೂ ತಡೆದುಕೊಳ್ಳಬೇಕಾದವನು ನಾನು.

ದೊಡ್ಡಪ್ಪ ಗುಬ್ಬಿಯ ಒಂದು ಕಚೇರಿಯಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವರು. ಕಾಗದದ ಕೊನೆಯಲ್ಲಿ ಯಾರಿಗೆ ಬರೀ ‘ರಿಗಾರ್ಡ್ಸ್’, ಯಾರಿಗೆ ‘ವಾರ್ಮ್ ರಿಗಾರ್ಡ್ಸ್’ ಎಂದು ಸಾಹೇಬರಲ್ಲ, ಇವರೇ ತೀರ್ಮಾನಿಸುತ್ತಿದ್ದರಂತೆ! ‘ವಾರ್ಮೆಸ್ಟ್’ ಮಾತ್ರ ಯಾರಿಗೂ ಹೊಡೆದಿರಲಿಲ್ಲ. “ಅದು ಮನೆಯೋರಿಗೆ ಕಣೋ. ಆಫೀಸ್ ರಿಬ್ಬನ್ ಸವೆಸಿ ಹೊಡೆಯೋದಲ್ಲ.”

ಒಮ್ಮೆ ಹೊಸ ಅಧಿಕಾರಿಯ ಸ್ವಾಗತ ಸಭೆ. ಇಂಗ್ಲಿಷ್ ಭಾಷಣವನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ಇವರದು. ‘ವಾರ್ಮ್ ವೆಲ್ಕಮ್’ ಎಂಬಲ್ಲಿ ಒಂದು ಕ್ಷಣ ತಡವರಿಸಿ, “ನೂತನ ಅಧಿಕಾರಿಗಳಿಗೆ ಬಿಸಿ ಮುಟ್ಟಿಸಲು ನಾವೆಲ್ಲ ಇಲ್ಲಿ ಸೇರಿದ್ದೇವೆ” ಎಂದುಬಿಟ್ಟರು! ಸಿಬ್ಬಂದಿ ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ದು ಅದೇ ಮೊದಲಂತೆ. ಅಧಿಕಾರಿ ಮರುದಿನವೇ ರಜೆ ಹಾಕಿದರು.

ಇಂಥವರ ತಂಗಿ, ಅಂದರೆ ನಮ್ಮ ಸೋದರತ್ತೆ, ಹೋದ ಬೇಸಿಗೆಯಲ್ಲಿ ಕುಣಿಗಲ್ಲಿನಲ್ಲಿ ಮನೆ ಕಟ್ಟಿಸಿದರು. ಗೃಹಪ್ರವೇಶದ ಕಾರ್ಡಿನ ಮೇಲೆ ಬಂಗಾರದ ಬಣ್ಣದಲ್ಲಿ ‘ಹೌಸ್ ವಾರ್ಮಿಂಗ್’!

“ಏನ್ಲಾ ಇದು! ಈ ಬಿಸಿಲಲ್ಲಿ ಮನೇನ ಇನ್ನೂ ಬಿಸಿ ಮಾಡ್ತಾರಂತಾ? ಈ ಪದ ಕಟ್ಟಿದೋನು ಚಳಿ ದೇಶದೋನು ಕಣೋ. ಅವ್ನಿಗೆ ಬೆಚ್ಚಗಿದ್ರೆ ಪ್ರೀತಿ. ನಮ್ಗೆ?” ಎಂದವರೇ ಹೋಗಿ ತಂಗಿಗೆಂದು ಒಂದು ಟೇಬಲ್ ಫ್ಯಾನ್ ತಂದರು. ಆಮೇಲೆ ಒಂದು ಗಂಟೆ ಮೊಬೈಲು ಕುಟ್ಟಿದರು. ಎರಡು ದಿನ ಮುಂಚೆಯೇ ಬರುತ್ತೇನೆಂದು ಇಂಗ್ಲಿಷಿನಲ್ಲಿ ಬರೆದು, ಕೊನೆಗೆ ಜನ್ಮದಲ್ಲಿ ಮೊದಲ ಸಲ ‘ವಾರ್ಮೆಸ್ಟ್ ರಿಗಾರ್ಡ್ಸ್’ ಹಾಕಿದರು.

ಉತ್ತರ ತಕ್ಷಣ ಬಂತು: ‘ಓಕೆ ಕೂಲ್’.

“ನಾನು ವಾರ್ಮೆಸ್ಟ್ ಅಂದ್ರೆ ಅವ್ಳು ಕೂಲ್ ಅಂತಾಳೆ! ತಣ್ಣಗಾಗ್ಬುಟ್ಳು ಕಣೋ.”

“ದೊಡ್ಡಪ್ಪ, ಈಗಿನ ಮಕ್ಕಳು ಎಲ್ಲದಕ್ಕೂ ಕೂಲ್ ಅಂತಾರೆ.”

“ಅವ್ಳೇನು ಮಗೂನಾ? ಅರವತ್ತೆರಡು! ಇದನ್ನ ಅವ್ಳಿಗೇನಾದ್ರೂ ಹೇಳಿದ್ರೆ ನಿಂಗೂ ಇನ್ಮೇಲೆ ಬರೀ ರಿಗಾರ್ಡ್ಸೇ!”

ಹೊಟ್ಟೆನೋವೆಂದು ಮಲಗಿದರು, ಗೃಹಪ್ರವೇಶಕ್ಕೆ ಹೋಗಲಿಲ್ಲ. ಒಡಹುಟ್ಟಿದ ಅಣ್ಣನೇ ಬರಲಿಲ್ಲವೆಂದು ಅತ್ತೆ ಫೋನು ಮಾಡುವುದನ್ನೇ ನಿಲ್ಲಿಸಿದರು.

ಆಮೇಲೆ ಶುರುವಾಯಿತು ನೋಡಿ ನಮ್ಮ ಗ್ರಹಚಾರ! ದೊಡ್ಡಪ್ಪ ಗೇಟಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗೇಟಿಗೆ. ಊಟಕ್ಕೆ ಕೂತವರು ಅರ್ಧಕ್ಕೇ ಎದ್ದು ಮೊಬೈಲು ನೋಡುವುದು. ‘ಕುಣಿಗಲ್ಲಿಗೆ ಹೋಗ್ಬರ್ತೀನಿ’ ಎಂದು ಚಪ್ಪಲಿ ಮೆಟ್ಟಿ ಹೋದವರು ಸಂಜೆ ಗುಬ್ಬಿಯಿಂದ ವಾಪಸ್! “ಏನ್ಮಾಡ್ಲಿ, ಗುಬ್ಬಿ ಬಸ್ಸೇ ಮೊದ್ಲು ಬಂತು.” ಹೀಗೆ ನಾಲ್ಕು ಸಲ! ಈ ವರ್ಷದ ಸೆಕೆಯಲ್ಲಿ ಬೆವರು ಸುರಿಸಿಕೊಂಡು ಕೂತರೇ ಹೊರತು ಫ್ಯಾನಿನ ಡಬ್ಬ ಬಿಚ್ಚಲು ಬಿಡಲಿಲ್ಲ. “ಅದು ಅವ್ಳದ್ದು” ಅಷ್ಟೇ. ಅವರನ್ನು ನೋಡಿ ನೋಡಿ ನನಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಹೋದ ಭಾನುವಾರ ಡಬ್ಬವನ್ನು ಕಾರಿನಲ್ಲಿಟ್ಟೆ. ಡಬ್ಬದ ಹಿಂದೆಯೇ ದೊಡ್ಡಪ್ಪನೂ ಬಂದು ಕೂತರು.

“ಗುಬ್ಬಿಗೆ ತಾನೇ?”

“ಹೂಂ, ಗುಬ್ಬಿಗೇ” ಎಂದು ಕುಣಿಗಲ್ ರಸ್ತೆಗೆ ತಿರುಗಿಸಿದೆ. ಅವರು ಕಿಟಕಿಯಾಚೆ ನೋಡುತ್ತ ಏನೂ ಗೊತ್ತಾಗದವರಂತೆ ಕೂತರು.

ಅತ್ತೆ ಬಾಗಿಲಲ್ಲೇ ನಿಂತು, “ಒಂದ್ವರ್ಷ ಆಯ್ತಲ್ಲಣ್ಣ, ನಾನೇನು ತಪ್ಪು ಮಾಡಿದ್ದೆ?” ಎಂದರು. ದೊಡ್ಡಪ್ಪ ‘ಓಕೆ ಕೂಲ್’ ತೆಗೆದು ಮೊಬೈಲನ್ನು ಅವರ ಮುಂದೆ ಹಿಡಿದರು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು.

“ಇದ್ನ ನಾನೆಲ್ಲಿ ಬರ್ದೆ? ಕೈಯೆಲ್ಲ ಅರಿಶಿನ ಆಗಿತ್ತು, ಮೊಮ್ಮಗಳಿಗೆ ಬರಿ ಅಂದೆ. ‘ಆಯ್ತು ಬಾರಣ್ಣ, ನಿನ್ ಹೊಟ್ಟೆ ತಣ್ಣಗಿರ್ಲಿ’ ಅಂತ ತಾನೇ ನಾನು ಹೇಳಿದ್ದು?”

ಒಳಗಿನಿಂದ ಮೊಮ್ಮಗಳ ದನಿ ಬಂತು: “ಅಷ್ಟುದ್ದ ಯಾರಜ್ಜಿ ಟೈಪ್ ಮಾಡ್ತಾರೆ? ಆಯ್ತು ಅಂದ್ರೆ ಓಕೆ. ತಣ್ಣಗೆ ಅಂದ್ರೆ ಕೂಲ್. ಕರೆಕ್ಟಾಗೇ ಇದೆಯಲ್ಲ!”

ದೊಡ್ಡಪ್ಪ ಸೋಫಾದ ಮೇಲೆ ಕುಸಿದರು. ನಾನು ಗಡಿಬಿಡಿಯಲ್ಲಿ ಡಬ್ಬ ಬಿಚ್ಚಿ ಫ್ಯಾನ್ ಹಾಕಿದೆ. ಎರಡು ಸುತ್ತು ತಿರುಗಿತೋ ಇಲ್ಲವೋ, ಕರೆಂಟ್ ಹೋಯಿತು! ಅತ್ತೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದ ‘ಹೌಸ್ ವಾರ್ಮಿಂಗ್’ ಕಾರ್ಡನ್ನೇ ಎಳೆದು ಅಣ್ಣನಿಗೆ ಗಾಳಿ ಹಾಕತೊಡಗಿದರು.

ನನ್ನ ಬಾಯಿ ಸುಮ್ಮನಿರುತ್ತದೆಯೇ? “ದೊಡ್ಡಪ್ಪ, ಹುಡುಗಿ ಮಾಡಿದ ಅನುವಾದ ಸರಿಯಾ?” ಎಂದೆ.

“ಸರಿಯಾಗೇ ಮಾಡವ್ಳೆ ಕಣೋ. ಓದೋಕೆ ನಂಗೇ ಬರ್ಲಿಲ್ಲ.”

ವರ್ಷವಿಡೀ ನಿಂತಲ್ಲಿ ನಿಲ್ಲದ ಮನುಷ್ಯ ಈಗ ಅಲುಗಾಡದೆ ಕೂತಿದ್ದರು. ಕಣ್ಣಂಚಿನಿಂದ ಒರೆಸಿಕೊಂಡದ್ದು ಬೆವರಲ್ಲವೆಂದು ನಮಗೆಲ್ಲ ಗೊತ್ತಿತ್ತು. ಆಮೇಲೆ ತಂಗಿಯ ಕೈ ಹಿಡಿದು, ಮೆಲ್ಲಗೆ ಕೇಳಿದರು:

“ಅವತ್ತು ನೀನು ಹೇಳಿದ್ದನ್ನ ಇನ್ನೊಂದ್ಸಲ ಹೇಳವ್ವ.”