ಹಲ್ಲು ನೋಡಿ ತಂದ ಸೈಕಲ್ಲು

ಸೈಕಲ್ಲಿನ ಬಗ್ಗೆ ನಮ್ಮ ಸೋದರತ್ತೆಯಷ್ಟು ತಿಳಿದವರು ಜಮಖಂಡಿಯಿಂದ ಬೀಳಗಿಯವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಒಂದೇ ಒಂದು ಸಣ್ಣ ಕೊರತೆ: ಆಕೆಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ!

ಆಗ ಆಕೆಗೆ ನಲವತ್ತೈದರ ಮೇಲೆ. ಅಂಗನವಾಡಿಯಲ್ಲಿ ಕೆಲಸ. ಆಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗುವ ಮೊದಲು ಅಂಗನವಾಡಿ ಮನೆಯೆದುರಿಗೇ ಇತ್ತು. ಒಲೆ ಮೇಲೆ ಸಾರು ಇಟ್ಟು ಹೋಗಿ, ಮಕ್ಕಳಿಗೆ ಎರಡು ಹಾಡು ಹೇಳಿಕೊಟ್ಟು, ಸಾರು ಕುದಿಯುವ ಹೊತ್ತಿಗೆ ಬರುತ್ತಿದ್ದಳು. ಸರ್ಕಾರ ಕೊಟ್ಟ ಹೊಸ ಪ್ಲಾಟಿಗೆ ಬಂದ ಮೇಲೆ ಕೆಲಸ ಮೂರು ಮೈಲು ದೂರವಾಯಿತು. ನಾಲ್ಕು ವರ್ಷ ನಡೆದಳು. ಒಂದು ದಿನ ಹರಿದ ಚಪ್ಪಲಿ ಬಿಸಾಕಿ, "ಸೈಕಲ್ ತಗೊಂತೇನಿ" ಎಂದಳು.

"ಗಾಡಿನ ತಗೋ ಅತ್ತಿ" ಎಂದೆ.

"ನಮ್ಮ ಊರಾಗ ಎಣ್ಣಿ ಕುಡಿಯೋ ಗಂಡಸರ ಸಾಕಷ್ಟ ಅದಾರ. ಎಣ್ಣಿ ಕುಡಿಯೋ ಗಾಡಿ ಬ್ಯಾರೆ ಬೇಕೇನ?"

ನಮ್ಮದು ಕುರಿ, ಎಮ್ಮೆ ಸಾಕಿದ ಮನೆತನ. ಖರೀದಿ ಎಂದರೆ ಅತ್ತೆಗೆ ಒಂದೇ ರೀತಿ ಗೊತ್ತು. ಕಾಲೇಜಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ನನ್ನನ್ನು 'ತಿಳಿದಾಕಿ' ಎಂದು ಜಮಖಂಡಿಯ ಅಂಗಡಿಗೆ ಕರೆದೊಯ್ದಳು. ನನ್ನನ್ನು ಒಂದು ಮಾತಾದರೂ ಕೇಳಿದಳೇ? ಸೈಕಲ್ಲಿಗೆ ಎರಡು ಸುತ್ತು ಹಾಕಿ, ಸೀಟಿನ ಬೆನ್ನು ತಟ್ಟಿ, ಬಗ್ಗಿ ಚೈನಿನ ಚಕ್ರ ನೋಡಿ, "ಇದಕ ಹಲ್ಲ ಎಷ್ಟ್ರೀ?" ಎಂದಳು.

ಅಂಗಡಿಯವನಿಗೆ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಪಾಪ, ಕುಕ್ಕರುಗಾಲಲ್ಲಿ ಕೂತು ಎಣಿಸತೊಡಗಿದ. ಎರಡು ಸಲ ತಪ್ಪಿ, ಬೇಸತ್ತು, "ಅಕ್ಕಾರ, ಈ ಗೇರಿಂದು ನೋಡ್ರಿ. ಭಾಳ ಹಲ್ಲ ಅದಾವ" ಎಂದ.

"ಭಾಳ ಹಲ್ಲಿಂದು ಭಾಳ ತಿಂತೈತಿ. ಬ್ಯಾಡ. ಮೊದಲ ತೋರಿಸಿದ್ದನ್ನ ಎರಡ ದಿನ ಮನ್ಯಾಗ ಕಟ್ಟಿ ನೋಡತೇನಿ. ಹೊಂದಿಕೊಂಡ್ರ ಇಟ್ಕೊಂತೇನಿ."

"ಅಕ್ಕಾರ, ಇದೇನ ಹಾಲ ಕೊಡೂದಿಲ್ರೀ!"

"ಹಂಗಾದ್ರ ರೇಟ್ ಕಡಿಮಿ ಮಾಡ್ರಿ."

ಮುಧೋಳದ ಅಂಗಡಿಯಲ್ಲಿ ಮುಂದೆ ಬುಟ್ಟಿ ಇದ್ದ ಗುಲಾಬಿ ಬಣ್ಣದ ಸೈಕಲ್ ತೋರಿಸಿದರು. "ಬುಟ್ಟಿ ತಲಿ ಮ್ಯಾಲ ಇರಬೇಕು, ಮೂಗಿನ ಮುಂದಲ್ಲ" ಎಂದು ಹೊರಬಂದಳು. ಕೊನೆಗೆ ಬನಹಟ್ಟಿಯಲ್ಲಿ ಮಗ್ಗದ ಕೆಲಸದವನೊಬ್ಬ, ಮದುವೆಯಾಗಿ ಹೋದ ಮಗಳ ಹಳೆಯ ಸೈಕಲ್ ಮಾರುತ್ತಾನೆಂದು ಗೊತ್ತಾಯಿತು. ಹೋದೆವು. ಅತ್ತೆ ಹಲ್ಲು ನೋಡಿದಳು, ಬೆನ್ನು ತಟ್ಟಿದಳು.

"ಸ್ವಭಾವ ಹೆಂಗ್ರೀ?"

ಮಗಳ ಬಗ್ಗೆ ಕೇಳುತ್ತಿದ್ದಾಳೆಂದು ತಿಳಿದ ಆತನ ಕಣ್ಣು ತುಂಬಿ ಬಂತು. "ಬಂಗಾರದಂಥಾದ್ದರೀ. ಒಂದಿನಾ ಎದುರ ಮಾತಾಡಿದ್ದಿಲ್ಲ."

ಅತ್ತೆ ಚೌಕಾಸಿ ಮಾಡದೆ ಕೊಂಡ ವಸ್ತು ಜೀವಮಾನದಲ್ಲಿ ಅದೊಂದೇ!

ಇನ್ನು ಕಲಿಯುವ ಸಂಭ್ರಮ. ನಾನು ಹಿಂದೆ ಕ್ಯಾರಿಯರ್ ಹಿಡಿದು ಓಡುವುದು, ಆಕೆ ಮುಂದೆ ಇಳಿಜಾರಿನಲ್ಲಿ "ಹೋ... ಹೋ..." ಎನ್ನುವುದು. ಎತ್ತಾದರೆ ನಿಲ್ಲುತ್ತಿತ್ತು. ಸೈಕಲ್ ನಿಲ್ಲಲಿಲ್ಲ, ಜೋಳದ ಕಣಿಕೆಯ ಬಣವೆಯೊಳಗೆ ಅರ್ಧ ಹೊಕ್ಕಿತು.

"ಬ್ರೇಕ್ ಹಿಡಿ ಅಂತ ಒದರಿದೆನಲ್ಲ ಅತ್ತಿ!"

"ಮೊದಲ ಬಾಯಿಲೆ ಹೇಳಿ ನೋಡಬೇಕ ಬೇ. ಒಮ್ಮೆಲೆ ಮೂಗುದಾಣ ಎಳೀಬಾರದು" ಎಂದಳು, ತಲೆಯಲ್ಲಿನ ಕಣಿಕೆ ಕೊಡವುತ್ತ.

ಇಪ್ಪತ್ತು ದಿನಕ್ಕೆ ಮೊಣಕಾಲು ಹಣ್ಣಾದವು, ಸೈಕಲ್ ಕೈಗೆ ಬಂತು. ಮೊದಲ ಭಾನುವಾರ ಬೆಳಿಗ್ಗೆ, "ನಡಿ, ಅಡ್ಡಾಡಿ ಬರೂಣು" ಎಂದಳು. ಅಂಗನವಾಡಿಯ ದಾರಿ ಬಿಟ್ಟು ಬೇರೆ ಕಡೆ ತಿರುಗಿದಳು. ಎಲ್ಲಿಗೆ ಎಂದು ಕೇಳಿದರೆ ಇನ್ನೂ ಜೋರಾಗಿ ತುಳಿದಳು. ನಾನು ನನ್ನ ಸೈಕಲ್ಲಿನಲ್ಲಿ ಹಿಂದೆ. ಆರು ಮೈಲು ತುಳಿದು, ನಮ್ಮಂತೆಯೇ ಮುಳುಗಡೆಯವರಿಗೆಂದು ಕಟ್ಟಿದ ಇನ್ನೊಂದು ಊರಿನ ಕೊನೆಯ ಮನೆಯ ಮುಂದೆ ಇಳಿದಳು.

ಅದು ಆಕೆಯ ಗೆಳತಿಯ ಮನೆ. ಹಳೆಯ ಊರಿನಲ್ಲಿ ಇವರಿಬ್ಬರ ಮನೆಗಳಿಗೆ ನಡುವೆ ಒಂದೇ ಗೋಡೆ. ಗೋಡೆಯಲ್ಲಿ ಒಂದು ಕಿಂಡಿ. ಬೆಂಕಿ, ಹೆಪ್ಪು, ಊರ ಸುದ್ದಿ ಎಲ್ಲ ಅದರೊಳಗಿಂದಲೇ ಆಚೀಚೆ. ಪ್ಲಾಟು ಹಂಚುವಾಗ ಒಬ್ಬರದು ಇಲ್ಲಿ, ಒಬ್ಬರದು ಅಲ್ಲಿ ಬಂತು. ನಡುವೆ ನೆಟ್ಟಗೆ ಒಂದು ಬಸ್ಸಿಲ್ಲ. ನಾಲ್ಕು ವರ್ಷದಲ್ಲಿ ಭೆಟ್ಟಿಯಾದದ್ದು ಎರಡೇ ಸಲ, ಎರಡು ಸಲವೂ ಯಾರೋ ಸತ್ತು ಮಣ್ಣಿಗೆ ಹೋದಾಗ.

ಗೆಳತಿ ಅಂಗಳದ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸೈಕಲ್ ನೋಡಿದಳು, ಅತ್ತೆಯನ್ನು ನೋಡಿದಳು. ಏಳಲಿಲ್ಲ. ಈಗಷ್ಟೇ ಪಕ್ಕದ ಮನೆಯಿಂದ ಬಂದವಳಿಗೆ ಹೇಳುವಂತೆ, "ಕೈ ತೊಳಕೊಂಡ ಬಾ ಬೇ, ರೊಟ್ಟಿ ಬಿಸಿ ಅದಾವ" ಎಂದಳು.

ಎರಡೂರಿನ ಸೈಕಲ್ ಅಂಗಡಿಯವರ ಬಾಯಿ ಮುಚ್ಚಿಸಿದ ನಮ್ಮ ಅತ್ತೆ ಹೇಳಿದಂತೆ ಕೈ ತೊಳೆದುಕೊಂಡು ಬಂದಳು. ಒಲೆಯ ಪಕ್ಕ ಕೂತಳು. ತುತ್ತು ಮುರಿದಳು, ಅದು ಕೈಯಲ್ಲೇ ಉಳಿಯಿತು.

ಗೆಳತಿ ಮುಖವೆತ್ತದೆ ಮುಂದಿನ ರೊಟ್ಟಿ ಬಡಿಯುತ್ತ ಹೇಳಿದಳು: "ಮೊದಲ ತಿನ್ನು. ಅಳೂದು ಆಮ್ಯಾಲ ಇಬ್ಬರೂ ಕೂಡೇ ಅಳೂಣು."