ಕೆಂಚನ ಒಪ್ಪಿಗೆ

ಸಿನಿಮಾ, ಟೀವಿ, ಕಾಮಿಡಿ ಈ ಮೂರರಲ್ಲಿ ನನಗೆ ತಿಳಿಯದ ಸಂಗತಿ ಇಲ್ಲವೆಂದು ಎರಡು ವರ್ಷದಿಂದ ನಂಬಿಕೊಂಡಿದ್ದೇನೆ. ಕೊಳತ್ತೂರಿನ ಹತ್ತಿರ, ಪಾಲಮಲೆಯ ಬುಡದ ನಮ್ಮ ಹಳ್ಳಿಯಲ್ಲಿ ಕೂತು ಬೆಂಗಳೂರಿನ ಒಂದು ಸಿನಿಮಾ ವಾರಪತ್ರಿಕೆಗೆ ಬರೆದು ಕಳಿಸುತ್ತೇನೆ. ಸೇಲಂ ಜಿಲ್ಲೆಯಿಂದ ಕನ್ನಡದ ತಾರೆಯರ ಬಗ್ಗೆ ಬರೆಯುವವಳು ನಾನೊಬ್ಬಳೇ ಇರಬೇಕು. ಪೈಪೋಟಿ ಇಲ್ಲದ ಕಾರಣ ನಾನೇ ನಂಬರ್ ಒನ್!

ಓದಿದ್ದು ತಮಿಳು ಶಾಲೆಯಲ್ಲಿ. ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತೇವೆ, ಬರೆಯಲು ಯಾರಿಗೂ ಬರುವುದಿಲ್ಲ. ನಾನು ಅಕ್ಷರ ಕಲಿತದ್ದು ಮೆಟ್ಟೂರಿಗೆ ಬರುವ ಕರ್ನಾಟಕದ ಬಸ್ಸುಗಳ ಬೋರ್ಡು ನೋಡಿ. ಹಾಗಾಗಿ ನಾನು ಬರೆದ ಮೊದಲ ಕನ್ನಡ ಪದ 'ಅಮ್ಮ' ಅಲ್ಲ, 'ಕೊಳ್ಳೇಗಾಲ'. ಇದು ಗೊತ್ತಾದ ಮೇಲೆ ನಮ್ಮ ಸಂಪಾದಕರಿಗೆ ನನ್ನ ಪ್ರತಿ ಸಾಲಿನಲ್ಲೂ ತಮಿಳಿನ ವಾಸನೆ ಹೊಡೆಯತೊಡಗಿತು. ಒಲೆ ಹಚ್ಚಿದ ಮನೆಯಲ್ಲಿ ವಾಸನೆ ಇದ್ದೇ ಇರುತ್ತದೆ ಸಾರ್ ಎಂದೆ. ಅವರು ನಕ್ಕರು. ಬರೆದದ್ದನ್ನು ಹಾಕಿಕೊಂಡರು, ಹೆಸರನ್ನು ಮಾತ್ರ ಹಾಕಲಿಲ್ಲ. ಎರಡು ವರ್ಷ ನಾನು ಬರೆದದ್ದೆಲ್ಲ 'ನಮ್ಮ ಪ್ರತಿನಿಧಿಯಿಂದ' ಎಂದೇ ಅಚ್ಚಾಯಿತು.

ಒಂದೇ ಒಂದು ಸಲ ಹೆಸರಿಲ್ಲದ್ದಕ್ಕೆ ಖುಷಿಪಟ್ಟಿದ್ದೇನೆ. ಟೀವಿಯ ಒಬ್ಬ ದೊಡ್ಡ ಹಾಸ್ಯನಟರ ಬಗ್ಗೆ, 'ಇವರ ನಗೆ ಮೂರು ದಿನದ ಸಾರು, ಕುದಿಸಿದ್ದನ್ನೇ ಕುದಿಸುತ್ತಾರೆ' ಎಂದು ಬರೆದಿದ್ದೆ. ಅವರು ತಮ್ಮ ಕಾರ್ಯಕ್ರಮದಲ್ಲೇ ಪತ್ರಿಕೆ ಎತ್ತಿ ಹಿಡಿದು, ಈ ಪ್ರತಿನಿಧಿ ಯಾರೆಂದು ನನಗೆ ಗೊತ್ತಾಗಬೇಕು ಎಂದು ಗುಡುಗಿದ್ದರು. ಅವರ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಯಾಕೆಂದು ಕೊನೆಗೆ ತಿಳಿಯುತ್ತದೆ.

ಹೀಗಿರಲು ಸಂಪಾದಕರ ಫೋನು ಬಂತು. ಅದೇ ನಟರು ಹೊಗೆನಕಲ್‌ನಲ್ಲಿ ಶೂಟಿಂಗ್ ಮುಗಿಸಿ ಮೆಟ್ಟೂರು, ಕೊಳತ್ತೂರು ದಾರಿಯಾಗಿ ಮೈಸೂರಿನ ಮನೆಗೆ ಹೋಗುತ್ತಾರಂತೆ. ಸಂದರ್ಶನ ತಂದರೆ ಮುಖಪುಟಕ್ಕೆ ಹಾಕಿ ನನ್ನ ಹೆಸರನ್ನೂ ಹಾಕುತ್ತಾರಂತೆ. ನಾನು ನಟರಿಗೆ ಫೋನು ಮಾಡಿ, ನಿಮ್ಮ ಒಂದು ಎಪಿಸೋಡನ್ನೂ ಬಿಟ್ಟವಳಲ್ಲ, ನಮ್ಮ ಮನೆಯಲ್ಲೇ ಊಟ ಮಾಡಿ ಎಂದು ಬೇಡಿಕೊಂಡೆ. ಪಾಪ, ಒಳ್ಳೆಯ ಮನುಷ್ಯ. ಒಂದು ಗಂಟೆ ಕೊಡುತ್ತೇನೆ, ಕತ್ತಲಾಗುವ ಮೊದಲು ಕಾಡು ದಾಟಬೇಕು ಎಂದರು. ಇಪ್ಪತ್ತೆರಡು ಪ್ರಶ್ನೆ ಬರೆದಿಟ್ಟೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿವಂತೆ ಅನಿಸಿಕೊಳ್ಳುತ್ತಿದ್ದೆ. ಆದರೆ ನಮ್ಮಜ್ಜಿಯ ಹರಕೆಯೊಂದಿತ್ತು. ಮೊಮ್ಮಗಳ ಹೆಸರು ಪೇಪರಿನಲ್ಲಿ ಬಂದ ದಿನ ನಮ್ಮ ಕೆಂಚನನ್ನು ಊರ ದೇವರು ಮುನಿಯಪ್ಪನಿಗೆ ಕೊಡುತ್ತೇನೆ ಎಂದು. ಕೆಂಚ ನಮ್ಮ ಮನೆಯ ಕೆಂಪು ಹೋತ, ಮಹಾ ಗರ್ವಿಷ್ಠ. ಹೆಸರು ಬರುವುದು ಹೇಗೂ ಖಂಡಿತ, ನಟರು ಬರುವ ದಿನವೇ ಹರಕೆ ತೀರಿಸಿಬಿಟ್ಟರೆ ಅತಿಥಿಗೂ ಒಳ್ಳೆಯ ಸಾರು ಸಿಗುತ್ತದಲ್ಲ ಎಂದು ನಾನು ಸಲಹೆ ಕೊಟ್ಟೆ.

"ದೇವ್ರಿಗೆ ಅಡ್ವಾನ್ಸ್ ಕೊಡೋ ಪದ್ದತಿ ಎಲ್ಲೈತೆ ಕಣಮ್ಮಿ?" ಅಂದಳು ಅಜ್ಜಿ.

ಕಾಲ ಬದಲಾಗಿದೆ ಎಂದು ತಿಳಿಹೇಳಿದೆ.

ನಟರ ಕಾರು ಮಧ್ಯಾಹ್ನ ಹನ್ನೆರಡಕ್ಕೆ ಬಂತು. ಮನೆಯಲ್ಲಿ ನನ್ನ ಬಿಟ್ಟು ಯಾರೂ ಇರಲಿಲ್ಲ, ಊರೆಲ್ಲ ಬೇವಿನ ಮರದ ಕೆಳಗಿನ ಮುನಿಯಪ್ಪನ ಮುಂದಿತ್ತು. ಅವರನ್ನೂ ಅಲ್ಲಿಗೇ ಕರೆದುಕೊಂಡು ಹೋದೆ. ಪೂಜಾರಿ, ಅಂದರೆ ನಮ್ಮ ಚಿಕ್ಕಪ್ಪ, ಕೆಂಚನ ಕೊರಳಿಗೆ ಹಾರ ಹಾಕಿ ತಲೆಯಿಂದ ಬಾಲದವರೆಗೆ ಅರಿಶಿನದ ನೀರು ಹಾಕಿದರು. ಈಗ ಹೋತ ಮೈ ಕೊಡವಬೇಕು. ಕೊಡವಿದರೆ ದೇವರು ಒಪ್ಪಿದ ಎಂದರ್ಥ. ಕೊಡವುವ ತನಕ ಕತ್ತಿ ಏಳುವುದಿಲ್ಲ, ಒಲೆ ಉರಿಯುವುದಿಲ್ಲ, ಬಂದವರು ತಿರುಗಿ ಹೋಗುವಂತಿಲ್ಲ. ಸಾಮಾನ್ಯವಾಗಿ ಎರಡು ನಿಮಿಷದ ಕೆಲಸ.

ಕೆಂಚ ಕೊಡವಲಿಲ್ಲ. ಹಾರ ತಿನ್ನತೊಡಗಿದ.

ಎರಡನೇ ಚೊಂಬು ಹಾಕಿದರು, ಮೂರನೇದು ಹಾಕಿದರು. ನಟರು ಗಡಿಯಾರ ನೋಡಿಕೊಂಡು, ಇನ್ನೂ ಎಷ್ಟು ಹೊತ್ತು ಎಂದು ಕೇಳಿದರು.

"ಅದು ಅವನ ಮನ್ಸು ಸಾರ್," ಅಂದರು ಚಿಕ್ಕಪ್ಪ. ಅವನು ಎಂದರೆ ದೇವರೋ ಹೋತವೋ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಈ ನಡುವೆ ಒಂದೆರಡು ಪ್ರಶ್ನೆ ಮುಗಿಸೋಣವೆಂದು ನೋಟ್‌ಬುಕ್ ತೆಗೆದೆ. ಅಜ್ಜಿ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಂಟೆ ಒಂದಾಯಿತು, ಎರಡಾಯಿತು. ಕೊನೆಗೆ ನಟರು ತಾವೇ ಮುಂದೆ ಬಂದು, ಟೀವಿಯಲ್ಲಿ ಹೆಸರು ತಂದುಕೊಟ್ಟ ಕೋತಿ ಕುಣಿತವನ್ನು ಕೆಂಚನ ಎದುರು ಕುಣಿದರು. ಊರವರು ಹೊಟ್ಟೆ ಹಿಡಿದು ನಕ್ಕರು. ಕೆಂಚ ಅವರನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ ಮುಖ ಆ ಕಡೆ ತಿರುಗಿಸಿದ. ನನ್ನ ವಿಮರ್ಶೆ ಸರಿಯಿತ್ತು ಎಂದು ಆ ಸಂಕಟದಲ್ಲೂ ಸ್ವಲ್ಪ ಹೆಮ್ಮೆಯಾಯಿತು.

ಹೋತ ಹಟ ಹಿಡಿದರೆ ಬಂದವರಲ್ಲಿ ಯಾರೋ ತಪ್ಪು ಬಚ್ಚಿಟ್ಟುಕೊಂಡಿದ್ದಾರೆ ಎಂದು ನಮ್ಮವರ ನಂಬಿಕೆ. ಎಲ್ಲರೂ ಸರದಿಯಲ್ಲಿ ನಿಂತು ಒಪ್ಪಿಕೊಳ್ಳತೊಡಗಿದರು. ಚಿಕ್ಕಪ್ಪ ದೇವರ ತೆಂಗಿನಕಾಯಿಗಳನ್ನು ಮನೆಗೆ ಸಾಗಿಸಿದ್ದನ್ನು ಹೇಳಿದರು. ಅಜ್ಜಿ, ಪೂಜೆಯ ಗಂಟೆ ಬಾರಿಸಿಕೊಂಡೇ ಪಕ್ಕದ ಮನೆಯವಳನ್ನು ಶಪಿಸಿದ್ದನ್ನು ಹೇಳಿದಳು. ಕೆಂಚ ಅಲ್ಲಾಡಲಿಲ್ಲ. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು.

ಹೇಳಿದರೆ ಸಂದರ್ಶನ ಹೋಯಿತು, ಮುಖಪುಟ ಹೋಯಿತು, ಎರಡು ವರ್ಷ ಕಾದ ಹೆಸರೂ ಹೋಯಿತು. ಹೇಳದಿದ್ದರೆ ಅಜ್ಜಿಯ ಹರಕೆ ನಿಂತಿತು. ಅಜ್ಜಿ ಬೆಳಗಿನಿಂದ ನೀರೂ ಕುಡಿದಿರಲಿಲ್ಲ.

"ಮೂರು ದಿನದ ಸಾರು ಅಂತ ಬರ್ದೋಳು ನಾನೇ ಸಾರ್," ಎಂದೆ. "ನಿಮ್ಮ ಎಪಿಸೋಡು ಎಲ್ಲಾನೂ ನೋಡಿವ್ನಿ ಅಂದದ್ದು ಸುಳ್ಳು. ನೋಡಿದ್ದು ಆರೇ."

ನಟರ ಮುಖ ಕೆಂಪಾಯಿತು. ಅಜ್ಜಿಗೆ ವಿಷಯ ಏನೂ ತಿಳಿಯದಿದ್ದರೂ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ತಪ್ಪಾಯ್ತು ಅನ್ನಮ್ಮಿ. ಬರ್ದದ್ದು ತಪ್ಪಾಯ್ತು ಅಂತ ಏಳು."

ಅನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಆರು ಎಪಿಸೋಡನ್ನೂ ನಾನು ಎರಡೆರಡು ಸಲ ನೋಡಿ, ಒಂದು ವಾರ ಕೂತು, ಒಂದೊಂದು ಪದಕ್ಕೂ ತಲೆ ಕೆರೆದುಕೊಂಡು ಬರೆದಿದ್ದೆ. ಬಸ್ಸಿನ ಬೋರ್ಡಿನಿಂದ ಕಲಿತ ಕನ್ನಡದಲ್ಲಿ ಅದಕ್ಕಿಂತ ನಿಜವಾದದ್ದನ್ನು ನಾನು ಇವತ್ತಿನವರೆಗೆ ಬರೆದಿಲ್ಲ. ಸಿಟ್ಟೇ ಬಂತು ನನಗೆ.

"ಬರ್ದದ್ದು ತಪ್ಪಲ್ಲಜ್ಜಿ. ಎಸ್ರು ಆಕದೆ ಬಚ್ಚಿಟ್ಕೊಂಡು ಖುಷಿಪಟ್ನಲ್ಲ, ಅದು ತಪ್ಪು. ಬೇಕಾದ್ರೆ ನಾಳೆ ಎಸ್ರು ಆಕಿ ಅದ್ನೇ ಬರೀತೀನಿ."

ಕೆಂಚ ಕೊಂಬಿನಿಂದ ಬಾಲದವರೆಗೆ ಮೈ ಕೊಡವಿದ!

ಅರಿಶಿನದ ನೀರೆಲ್ಲ ನಟರ ಬಿಳಿ ಅಂಗಿಯ ಮೇಲೆ ಬಿತ್ತು. ಊರವರು ಕೈಯೆತ್ತಿ ಮುಗಿದರು. ಒಂದು ಟೀವಿ ವಿಮರ್ಶೆಗೆ ಸಾಕ್ಷಾತ್ ದೈವದ ಅನುಮೋದನೆ ದೊರೆತದ್ದು ಕನ್ನಡ ಪತ್ರಿಕೋದ್ಯಮದಲ್ಲಿ ಅದೇ ಮೊದಲಿರಬೇಕು.

ನಟರು ಹಾಗೇ ಹೊರಟುಹೋಗುತ್ತಾರೆ ಎಂದುಕೊಂಡಿದ್ದೆ. ಅಜ್ಜಿ ಬಿಡಲಿಲ್ಲ. ಕೈಹಿಡಿದು ಕೂರಿಸಿ, ಎಲೆ ಹಾಕಿ, ಮುದ್ದೆಯ ಮೇಲೆ ಮುದ್ದೆ ಇಟ್ಟಳು. ಅವರು ಮೂರು ಸಲ ಸಾರು ಹಾಕಿಸಿಕೊಂಡು ಉಂಡರು. ನನ್ನ ಇಪ್ಪತ್ತೆರಡು ಪ್ರಶ್ನೆಗೆ ಒಂದು ಉತ್ತರವನ್ನೂ ಕೊಡದೆ ಕೈ ತೊಳೆದುಕೊಂಡರು. ಕಾರು ಹತ್ತುವಾಗ ಮಾತ್ರ ನನ್ನ ಕಡೆ ತಿರುಗಿ, "ಈ ಸಾರು ಇವತ್ತಿನದೇ ತಾನೇ?" ಅಂದರು.

ಸಂದರ್ಶನ ಸಿಗಲಿಲ್ಲ ಎಂದಾಗ ಸಂಪಾದಕರು ಫೋನಿನಲ್ಲಿ ಆಡಿದ ಮಾತನ್ನು ಅಚ್ಚು ಹಾಕುವಂತಿಲ್ಲ.

ಎರಡು ವಾರದ ಮೇಲೆ ನಟರು ತಮ್ಮ ಟೀವಿ ಕಾರ್ಯಕ್ರಮದ ವೇದಿಕೆಯಲ್ಲಿ ನಮ್ಮ ಕತೆ ಹೇಳಿದರು. ಕೋತಿ ಕುಣಿತವಿಲ್ಲ, ಹಳೆಯದೊಂದೂ ಇಲ್ಲ. ನಮ್ಮ ಊರು, ಮುನಿಯಪ್ಪ, ಅಜ್ಜಿಯ ಮುದ್ದೆ, ಮುಖ ತಿರುಗಿಸಿದ ಕೆಂಚ ಎಲ್ಲ ಇತ್ತು. ಜನ ಕುರ್ಚಿಯಿಂದ ಬಿದ್ದು ನಕ್ಕರು. ಕೆಂಚನ ಹೆಸರು ಮೊಬೈಲಿನಿಂದ ಮೊಬೈಲಿಗೆ ಹಾರಿತು. ನಾನು? ನಾನು 'ಅಲ್ಲೊಬ್ಬಳು ಹುಡುಗಿ'. ಅವರು ನನ್ನ ಹೆಸರು ಹೇಳಲಿಲ್ಲ. ಆದ್ದರಿಂದ ನಾನೂ ಅವರ ಹೆಸರು ಹೇಳುವುದಿಲ್ಲ, ಲೆಕ್ಕ ಸರಿಹೋಯಿತು!

ಹೊಟ್ಟೆ ಉರಿಯುವ ಸಂಗತಿ ಏನೆಂದರೆ, ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ವಿಮರ್ಶಕಿಯಾದ ಮೇಲೆ ಹೇಳಲೇಬೇಕು: ಈ ಸಾರು ಆ ದಿನದ್ದೇ, ಬಿಸಿಬಿಸಿ.

ಇಷ್ಟನ್ನೂ ಬರೆದು, ಹೆಸರು ಹಾಕುವುದಾದರೆ ಮಾತ್ರ ಅಚ್ಚು ಹಾಕಿ, ಇಲ್ಲದಿದ್ದರೆ ವಾಪಸ್ ಕಳಿಸಿ ಎಂದು ಸಂಪಾದಕರಿಗೆ ಹೇಳಿದ್ದೇನೆ. ನಮ್ಮ ಮುನಿಯಪ್ಪ ಹೋತ ತಿಂದಾಗಿದೆ, ಇನ್ನು ಹೆಸರು ಬರದಿದ್ದರೆ ದೇವರಿಗೇ ಅವಮಾನ. ಅವರು ಒಪ್ಪಿದ್ದಾರೆ. ಹೆಸರು ಮಾದೇವಿ. ದಯವಿಟ್ಟು ಇನ್ನೊಮ್ಮೆ ಓದಿ.

ಕಳಿಸುವ ಮೊದಲು ಅಜ್ಜಿಗೆ ಪೂರ್ತಿ ಓದಿ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ನನ್ನ ಹೆಸರು ಬಂದ ಜಾಗದಲ್ಲಿ ಅಳುತ್ತಾಳೆ ಎಂದು ನಿಲ್ಲಿಸಿದೆ. ಅಜ್ಜಿ ಕಣ್ಣು ಬಿಟ್ಟಳು.

"ನಿನ್ ಎಸ್ರು ಒಂದೇ ಸಲ ಬಂತಲ್ಲಮ್ಮಿ," ಅಂದಳು. "ಕೆಂಚಂದೇ ಜಾಸ್ತಿ ಐತೆ."